ತಂತಿಯ ಈಚೆಯ ತುದಿ

ಆರೋಗ್ಯದ ವಿಚಾರವಾಗಿ ಈಗ ನಡೆಯುವ ಸಭೆಗಳಲ್ಲಿ ಒಂದು ಮಾತು ಮಂತ್ರದಂತೆ ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. ಡಾಕ್ಟರು ಹಳ್ಳಿಗೆ ಹೋಗುವುದಿಲ್ಲ, ಆದ್ದರಿಂದ ಇಂಟರ್ನೆಟ್ಟು ಹೋಗಲಿ ಎಂಬುದೇ ಆ ಮಾತು. ಹೇಳುವವರು ಸಾಮಾನ್ಯರಲ್ಲ, ಅಧಿಕಾರದಲ್ಲಿರುವವರು, ದೊಡ್ಡ ಆಸ್ಪತ್ರೆಗಳನ್ನು ನಡೆಸುವವರು, ಕಂಪ್ಯೂಟರಿನಲ್ಲಿ ಹಣ ಮಾಡಿ ಈಗ ಲೋಕೋಪಕಾರಕ್ಕೆ ಇಳಿದಿರುವ ಮಹನೀಯರು. ಕೇಳುವವರು ಚಪ್ಪಾಳೆ ತಟ್ಟುತ್ತಾರೆ. ಮೇಲುನೋಟಕ್ಕೆ ಮಾತು ಸರಿಯಾಗಿಯೇ ಇದೆ. ಮನುಷ್ಯ ಹೋಗಲಾರದ ಕಡೆಗೆ ಅವನ ದನಿಯೂ ಮುಖವೂ ಹೋಗಬಲ್ಲವಾದರೆ ಬೇಡವೆನ್ನುವವರು ಯಾರು? ನಾನಂತೂ ಅಲ್ಲ. ಆ ವಾಕ್ಯದ ಮೊದಲ ಭಾಗದ ಕಷ್ಟ ನನಗೆ ಗೊತ್ತು. ಕೊನೆಯ ಭಾಗದ ಅನುಕೂಲ ನನಗೂ ಬೇಕು. ನನ್ನ ಜಗಳವೆಲ್ಲ ನಡುವೆ ಕುಳಿತಿರುವ 'ಆದ್ದರಿಂದ' ಎಂಬ ಒಂದು ಪದದೊಡನೆ.

ಆ 'ಆದ್ದರಿಂದ' ಎರಡು ಬೇರೆ ಬೇರೆ ಕೆಲಸಗಳನ್ನು ಒಂದೇ ಎಂಬಂತೆ ತೋರಿಸುತ್ತದೆ. ಸಲಹೆ ಕೊಡುವುದು ಒಂದು ಕೆಲಸ. ಶುಶ್ರೂಷೆ ಮಾಡುವುದು ಇನ್ನೊಂದು. ಸಲಹೆ ತಂತಿಯ ಮೇಲೆ ಹೋಗುತ್ತದೆ, ತಂತಿಯಿಲ್ಲದೆಯೂ ಹೋಗುತ್ತದೆ. ಆದರೆ ಗಾಯ ತೊಳೆಯುವ ಕೈ, ಹೆರಿಗೆಯಲ್ಲಿ ಮಗುವನ್ನು ಹಿಡಿಯುವ ಕೈ, ರಕ್ತದ ಒತ್ತಡ ನೋಡಲು ತೋಳಿಗೆ ಸುತ್ತುವ ಪಟ್ಟಿ, ಗುಳಿಗೆ, ಚುಚ್ಚುಮದ್ದು, ಇವು ಯಾವ ತಂತಿಯ ಮೇಲೂ ಹೋಗುವುದಿಲ್ಲ. ಅವು ರೋಗಿಯಿರುವ ಕಡೆ ಮೊದಲೇ ಇರಬೇಕು. ಇದ್ದರೆ ಮಾತ್ರ ದೂರದಿಂದ ಬಂದ ಸಲಹೆಗೆ ಬೆಲೆ. ಇಲ್ಲದಿದ್ದರೆ ಅದು ಕನ್ನಡಿಯೊಳಗಿನ ಗಂಟು. ಕಣ್ಣಿಗೆ ಕಾಣುತ್ತದೆ, ಕೈಗೆ ದಕ್ಕುವುದಿಲ್ಲ.

ಇಷ್ಟು ಹೇಳಿದ ಕೂಡಲೇ ನನ್ನನ್ನು ಯಂತ್ರದ್ವೇಷಿಗಳ ಪಂಕ್ತಿಯಲ್ಲಿ ಕೂರಿಸಲು ಕೆಲವರು ಮುಂದಾಗುತ್ತಾರೆಂಬುದನ್ನು ಬಲ್ಲೆ. ಕೂರಿಸುವ ಮೊದಲು ಅವರು ಈ ವಿದ್ಯೆಯ ಹಿಂದಿನ ಚರಿತ್ರೆಯನ್ನು ಸ್ವಲ್ಪ ನೋಡಲಿ. ದೂರದಿಂದ ವೈದ್ಯ ಮಾಡುವುದು ಇಂಟರ್ನೆಟ್ಟಿನೊಡನೆ ಹುಟ್ಟಿದ್ದಲ್ಲ. ಹಾಲೆಂಡಿನ ಲೈಡನ್ ಪಟ್ಟಣದಲ್ಲಿ ವಿಲ್ಲೆಮ್ ಐಂಥೋವನ್ ಎಂಬ ವಿಜ್ಞಾನಿ ಹೃದಯದ ವಿದ್ಯುತ್ತನ್ನು ಬರೆದು ತೋರಿಸುವ ಯಂತ್ರವನ್ನು ಮಾಡಿದ. ಅದರ ತೂಕ ಸುಮಾರು 270 ಕಿಲೋ. ಅದನ್ನು ಆಸ್ಪತ್ರೆಗೆ ಹೊತ್ತೊಯ್ಯುವಂತಿರಲಿಲ್ಲ. ಹೃದ್ರೋಗಿಯನ್ನು ಪ್ರಯೋಗಶಾಲೆಗೆ ನಡೆಸಿಕೊಂಡು ಬರುವಂತೆಯೂ ಇರಲಿಲ್ಲ. 1905ರಲ್ಲಿ ಐಂಥೋವನ್ ಒಂದೂವರೆ ಕಿಲೋಮೀಟರು ದೂರದ ಆಸ್ಪತ್ರೆಯಿಂದ ಟೆಲಿಫೋನಿನ ತಂತಿಯ ಮೂಲಕ ರೋಗಿಯ ಹೃದಯದ ಬಡಿತವನ್ನು ತನ್ನ ಪ್ರಯೋಗಶಾಲೆಗೆ ತರಿಸಿಕೊಂಡು ಬರೆಸಿದ. ಇಂದು ನಾವು ಇಸಿಜಿ ಎನ್ನುವುದರ ಮೂಲ ಅದು. ಆ ಶೋಧನೆಗಾಗಿ 1924ರಲ್ಲಿ ಅವನಿಗೆ ನೊಬೆಲ್ ಬಹುಮಾನ ಬಂತು. ಆದರೆ ಈ ಕಥೆಯಲ್ಲಿ ನಮ್ಮವರು ಗಮನಿಸದ ಒಂದು ಸಂಗತಿಯಿದೆ. ಆಗಿನ ಕಾಲದಲ್ಲಿ ರೋಗಿಯ ಕೈಕಾಲುಗಳನ್ನು ಉಪ್ಪುನೀರು ತುಂಬಿದ ಪಾತ್ರೆಗಳಲ್ಲಿ ಇಳಿಸಬೇಕಾಗಿತ್ತು. ಆ ಪಾತ್ರೆಗಳನ್ನು ಇಟ್ಟು, ನೀರು ತುಂಬಿಸಿ, ರೋಗಿಗೆ ಧೈರ್ಯ ಹೇಳಿ ಕೂರಿಸುವವನೊಬ್ಬ ಆಸ್ಪತ್ರೆಯ ಕಡೆಯ ತುದಿಯಲ್ಲಿ ಇರಲೇಬೇಕಾಗಿತ್ತು. ಯಂತ್ರ ಆಚೆ, ಮನುಷ್ಯ ಈಚೆ.

ಎರಡನೆಯ ಉದಾಹರಣೆ ಆಸ್ಟ್ರೇಲಿಯದ್ದು. ಅಲ್ಲಿನ ಒಳನಾಡಿನಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ಎಷ್ಟೋ ಮೈಲಿಗಳ ದೂರ. ಡಾಕ್ಟರಂತೂ ಇನ್ನೂ ದೂರ. ಜಾನ್ ಫ್ಲಿನ್ ಎಂಬ ಪಾದ್ರಿಯ ಪ್ರಯತ್ನದಿಂದ 1928ರ ಮೇ ತಿಂಗಳಲ್ಲಿ ಕ್ಲಾನ್‌ಕರಿ ಎಂಬ ಊರಿನಲ್ಲಿ ವಿಮಾನದಲ್ಲಿ ಹೋಗುವ ಡಾಕ್ಟರ ವ್ಯವಸ್ಥೆ ಆರಂಭವಾಯಿತು. ಕರೆ ಕಳಿಸುವುದು ಹೇಗೆ? ಆಲ್ಫ್ರೆಡ್ ಟ್ರೇಗರ್ ಎಂಬ ಎಂಜಿನಿಯರು 1929ರ ಹೊತ್ತಿಗೆ ಕಾಲಿನಲ್ಲಿ ಪೆಡಲು ತುಳಿದು ವಿದ್ಯುತ್ತು ಹುಟ್ಟಿಸುವ ಚಿಕ್ಕ ರೇಡಿಯೋ ಮಾಡಿಕೊಟ್ಟ. ಇದು ಎಲ್ಲರೂ ಹೇಳುವ ಕಥೆ. ಹೆಚ್ಚು ಜನ ಹೇಳದ ಕಥೆ ಮುಂದಿನದು. 1942ರಿಂದ ಆ ದೂರದ ಮನೆಗಳಲ್ಲಿ ಒಂದೊಂದು ಔಷಧದ ಪೆಟ್ಟಿಗೆ ಇಡಿಸಿದರು. ಅದರೊಳಗಿನ ಪ್ರತಿ ಔಷಧಕ್ಕೂ ಒಂದೊಂದು ನಂಬರು. ನೋವು ಎಲ್ಲಿ ಎಂದು ಹೇಳುವುದಕ್ಕೆ ಶರೀರದ ನಕ್ಷೆಯ ಮೇಲೂ ನಂಬರುಗಳು. ರೋಗದ ಲ್ಯಾಟಿನ್ ಹೆಸರು ರೋಗಿಗೆ ಬರಬೇಕಾಗಿರಲಿಲ್ಲ, ಔಷಧದ ಹೆಸರೂ ಬರಬೇಕಾಗಿರಲಿಲ್ಲ. ಇಷ್ಟನೇ ನಂಬರಿನ ಜಾಗದಲ್ಲಿ ನೋವು ಎಂದು ಇವರು ಹೇಳಬೇಕು; ಇಷ್ಟನೇ ನಂಬರಿನ ಗುಳಿಗೆಯನ್ನು ಇಷ್ಟು ಹೊತ್ತಿಗೊಮ್ಮೆ ಕೊಡಿ ಎಂದು ಡಾಕ್ಟರು ಹೇಳಬೇಕು. ಪೆಟ್ಟಿಗೆ ಇದ್ದುದರಿಂದ ರೇಡಿಯೋ ಸಾರ್ಥಕವಾಯಿತು. ಪೆಟ್ಟಿಗೆಯಿಲ್ಲದೆ ರೇಡಿಯೋ ಒಂದೇ ಇದ್ದಿದ್ದರೆ ಮನೆಯವರು ಪೆಡಲು ತುಳಿಯುತ್ತ ರೋಗಿಯ ನರಳಾಟವನ್ನು ಡಾಕ್ಟರಿಗೆ ಕೇಳಿಸಬಹುದಾಗಿತ್ತು, ಅಷ್ಟೆ.

ಈ ಪೆಟ್ಟಿಗೆಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ನಾನು ಹೇಳಬೇಕಾದದ್ದೆಲ್ಲ ಅದರೊಳಗೇ ಇದೆ.

ಈಗ ನಮ್ಮ ನಾಡಿಗೆ ಬರೋಣ. ಈ ವಿದ್ಯೆಯಲ್ಲಿ ಕರ್ನಾಟಕ ಹಿಂದೆ ಬಿದ್ದಿಲ್ಲ. ದೇಶದಲ್ಲೇ ಮೊದಮೊದಲಿಗೆ ಕೈಹಾಕಿದವರಲ್ಲಿ ನಾವೂ ಒಬ್ಬರು. 2001–02ರ ಸುಮಾರಿಗೇ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ ತನ್ನ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನೂ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿದ್ದ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿತು. ಕಾಡಂಚಿನ ಊರಿನ ರೋಗಿಯ ಹೃದಯವನ್ನು ರಾಜಧಾನಿಯ ತಜ್ಞರು ಕುಳಿತಲ್ಲಿಂದ ನೋಡುವಂತಾಯಿತು. ಇದು ಹೆಮ್ಮೆಪಡತಕ್ಕ ಕೆಲಸವೇ. ಆದರೆ ಇದು ನಡೆದದ್ದು ಸರಗೂರಿನಲ್ಲಿ ಆಸ್ಪತ್ರೆಯೆಂಬುದೊಂದು ಇದ್ದುದರಿಂದ. ಅಲ್ಲಿ ಡಾಕ್ಟರಿದ್ದರು, ದಾದಿಯರಿದ್ದರು, ಹಾಸಿಗೆಗಳಿದ್ದವು. ಉಪಗ್ರಹ ಬಂದು ಇಳಿದದ್ದು ಬಯಲಿಗಲ್ಲ.

ಹತ್ತಿರದ ಉದಾಹರಣೆ ಇನ್ನೊಂದಿದೆ. ನಟ ಪುನೀತ್ ರಾಜಕುಮಾರ್ 2021ರ ಅಕ್ಟೋಬರಿನಲ್ಲಿ ಹೃದಯದ ತೊಂದರೆಯಿಂದ ಹಠಾತ್ತಾಗಿ ತೀರಿಕೊಂಡದ್ದನ್ನು ನಾಡು ಮರೆತಿಲ್ಲ. ಅವರ ಹೆಸರಿನಲ್ಲಿ 2023ರಲ್ಲಿ ಘೋಷಿತವಾದ ಹೃದಯಜ್ಯೋತಿ ಯೋಜನೆಯನ್ನು ನಾನು ಮನಸಾರೆ ಹೊಗಳುತ್ತೇನೆ. ಎದೆನೋವೆಂದು ತಾಲ್ಲೂಕು ಆಸ್ಪತ್ರೆಗೆ ಬಂದವನ ಇಸಿಜಿ ತೆಗೆಯುತ್ತಾರೆ. ಕಂಪ್ಯೂಟರು ಅದನ್ನು ಓದಿ ಎಚ್ಚರಿಸುತ್ತದೆ. ಜಯದೇವ ಸಂಸ್ಥೆಯಂಥ ದೊಡ್ಡ ಕೇಂದ್ರದ ತಜ್ಞರು ನೋಡಿ ಹೌದು ಅಥವಾ ಅಲ್ಲ ಎನ್ನುತ್ತಾರೆ. ಹೃದಯಾಘಾತವೆಂದು ತೀರ್ಮಾನವಾದರೆ ರಕ್ತದ ಹೆಪ್ಪನ್ನು ಕರಗಿಸುವ ಟೆನೆಕ್ಟಿಪ್ಲೇಸ್ ಎಂಬ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ಪೇಟೆಯಲ್ಲಿ ಅದಕ್ಕೆ ಹತ್ತಾರು ಸಾವಿರ ರೂಪಾಯಿ ಬೆಲೆ. ಕೂಲಿಯವನ ಪಾಲಿಗೆ ಅದು ಇದ್ದೂ ಇಲ್ಲದ್ದು. ಹೃದಯದ ಸ್ನಾಯು ನಿಮಿಷ ನಿಮಿಷಕ್ಕೂ ಸಾಯುತ್ತಿರುವಾಗ ಜಿಲ್ಲಾ ಕೇಂದ್ರಕ್ಕೆ ಹೋಗುವ ದಾರಿಯಲ್ಲಿ ಕಳೆಯುವ ಹೊತ್ತೇ ಜೀವ ತೆಗೆಯುತ್ತದೆ. ಈ ಯೋಜನೆಯಲ್ಲಿ ಪತ್ರಿಕೆಗಳ ದಪ್ಪಕ್ಷರಕ್ಕೆ ಬಂದದ್ದು ಕೃತಕ ಬುದ್ಧಿಮತ್ತೆ. ಜೀವ ಉಳಿಸುತ್ತಿರುವುದು ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲೇ ತಂದಿಟ್ಟ ಮದ್ದು, ಮತ್ತು ಅದನ್ನು ಚುಚ್ಚಲು ಹೆದರದ ಒಬ್ಬ ಡ್ಯೂಟಿ ಡಾಕ್ಟರು. ಅದು ಆಸ್ಟ್ರೇಲಿಯದ ಪೆಟ್ಟಿಗೆಯ ವಂಶದ್ದೇ.

ಇದಕ್ಕೆ ಹೋಲಿಸಿ ನಮ್ಮ ಬೇರೆ ಯೋಜನೆಗಳನ್ನು ನೋಡೋಣ. ಇ-ಸಂಜೀವಿನಿ ಎಂಬ ಕೇಂದ್ರ ಸರ್ಕಾರದ ದೊಡ್ಡ ವ್ಯವಸ್ಥೆಯೊಂದಿದೆ. 2019ರ ನವೆಂಬರಿನಲ್ಲಿ ಆರಂಭವಾಯಿತು. 2023ರ ಫೆಬ್ರವರಿಯ ವೇಳೆಗೆ 10 ಕೋಟಿ ಸಮಾಲೋಚನೆಗಳು ನಡೆದುವೆಂದು ಸರ್ಕಾರ ಪ್ರಕಟಿಸಿತು. ಅದರಲ್ಲಿ ಎರಡು ಬಗೆಯುಂಟು. ಒಂದರಲ್ಲಿ ರೋಗಿ ಮನೆಯಲ್ಲೇ ಮೊಬೈಲು ಹಿಡಿದು ಡಾಕ್ಟರನ್ನು ಕಾಣುತ್ತಾನೆ. ಇನ್ನೊಂದರಲ್ಲಿ ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿಯೊಬ್ಬರು ರೋಗಿಯ ಪಕ್ಕದಲ್ಲಿ ಕುಳಿತು, ನಾಡಿ ನೋಡಿ, ಒತ್ತಡ ನೋಡಿ, ದೂರದ ಡಾಕ್ಟರೊಡನೆ ಮಾತಾಡಿ, ಕೇಂದ್ರದಲ್ಲಿರುವ ಔಷಧವನ್ನು ಕೈಗೆ ಕೊಡುತ್ತಾರೆ. ಈ ಎರಡನೆಯದು ನಿಜವಾದ ವೈದ್ಯ. ಮೊದಲನೆಯದು ಪಟ್ಟಣದ ವಿದ್ಯಾವಂತನಿಗೆ ಅನುಕೂಲ. ಅವನ ಬೀದಿಯ ಕೊನೆಯಲ್ಲಿ ಔಷಧದ ಅಂಗಡಿಯಿದೆ, ರಕ್ತ ಪರೀಕ್ಷೆಯ ಲ್ಯಾಬು ಇದೆ, ಆಟೋ ಇದೆ. ಈಚೆಯ ತುದಿಯ ಪೆಟ್ಟಿಗೆಯನ್ನು ಅವನ ಪಟ್ಟಣವೇ ಒದಗಿಸಿದೆ. ಹಳ್ಳಿಯವನಿಗೆ ಪರದೆಯ ಮೇಲೆ ಡಾಕ್ಟರು ಬರೆದ ಚೀಟಿ ಬರುತ್ತದೆ. ಚೀಟಿಯಲ್ಲಿದ್ದ ಗುಳಿಗೆ ಕೊಳ್ಳಲು ಅವನು ಬಸ್ಸು ಹಿಡಿಯಬೇಕು, ಆ ದಿನದ ಕೂಲಿ ಬಿಡಬೇಕು. ಬಸ್ಸು ಹಿಡಿದು ಬಂದವನು ಡಾಕ್ಟರನ್ನೇ ಕಾಣಬಹುದಾಗಿತ್ತಲ್ಲ!

ಸಮಾಲೋಚನೆಗಳ ಲೆಕ್ಕವನ್ನು ಹೆಮ್ಮೆಯಿಂದ ಹೇಳುವವರು ಇನ್ನೊಂದು ಲೆಕ್ಕವನ್ನೂ ಅಷ್ಟೇ ಹೆಮ್ಮೆಯಿಂದ ಹೇಳಲಿ ಎಂಬುದು ನನ್ನ ಕೋರಿಕೆ. ಡಾಕ್ಟರು ಬರೆದ ಔಷಧ ಎಷ್ಟು ಜನರ ಕೈಸೇರಿತು? ಮಾಡಿಸಿ ಎಂದ ಪರೀಕ್ಷೆ ಎಷ್ಟು ಜನರಿಗೆ ಆಯಿತು? ಕಂಪ್ಯೂಟರಿಗೆ ಇದು ಕಷ್ಟದ ಲೆಕ್ಕವಲ್ಲ. ಕಷ್ಟವಿರುವುದು ಕೇಳುವ ಮನಸ್ಸಿನಲ್ಲಿ.

ಭಾಷೆಯ ವಿಚಾರಕ್ಕೆ ಬರುತ್ತೇನೆ. 2021ರ ಮೇ 1ರಿಂದ 18 ವರ್ಷ ದಾಟಿದವರಿಗೂ ಕೋವಿಡ್ ಲಸಿಕೆ ಎಂದು ಸಾರಿದರು. ಆದರೆ 18ರಿಂದ 44 ವಯಸ್ಸಿನವರು ಕೋವಿನ್ ಎಂಬ ಜಾಲತಾಣದಲ್ಲಿ ಮೊದಲು ಹೆಸರು ಬರೆಸಿ, ದಿನವನ್ನೂ ಹೊತ್ತನ್ನೂ ಹಿಡಿದುಕೊಳ್ಳತಕ್ಕದ್ದು ಎಂದು ನಿಯಮವಾಯಿತು. ಅದು ನಾಡಿನಲ್ಲಿ ಸಾವು ತಾಂಡವವಾಡುತ್ತಿದ್ದ ತಿಂಗಳು. ಬೆರಳು ಚುರುಕಾಗಿದ್ದವರು, ಇಂಗ್ಲಿಷ್ ಬಲ್ಲವರು, ಒಳ್ಳೆಯ ನೆಟ್‌ವರ್ಕ್ ಇದ್ದವರು ಕ್ಷಣದಲ್ಲಿ ಜಾಗ ಹಿಡಿದರು. ಕನ್ನಡವೂ ಸೇರಿ ದೇಶಭಾಷೆಗಳು ಆ ಜಾಲತಾಣಕ್ಕೆ ಬಂದದ್ದು ಜೂನ್ ಮೊದಲ ವಾರದಲ್ಲಿ. ಓದುಬರಹವಿಲ್ಲದವನು, ಇಂಟರ್ನೆಟ್ಟಿಲ್ಲದವನು ಏನು ಮಾಡಬೇಕೆಂದು ಸುಪ್ರೀಂ ಕೋರ್ಟು ಮೇ 31ರ ತನ್ನ ಆದೇಶದಲ್ಲಿ ಸರ್ಕಾರವನ್ನು ಕೇಳಬೇಕಾಯಿತು. ಜೂನ್ 21ರಿಂದ ನೇರವಾಗಿ ಹೋಗಿ ತೋಳು ಚಾಚಿದರೂ ಸಾಕೆಂದಾಯಿತು. ಯಂತ್ರವನ್ನು ಮಾಡಿದ ಜಾಣರಿಗೆ ಈ ದೇಶದಲ್ಲಿ ಹತ್ತಾರು ಭಾಷೆಗಳಿವೆಯೆಂಬುದು ಮೇ ತಿಂಗಳಲ್ಲಿ ತಿಳಿದಿರಲಿಲ್ಲವೆ? ತಿಳಿದಿತ್ತು. ಅದು ಆಮೇಲೆ ಮಾಡಬಹುದಾದ ಅಲಂಕಾರವೆಂದು ಅವರು ಎಣಿಸಿದ್ದರು. ರೋಗಿಯ ಭಾಷೆ ಅಲಂಕಾರವಲ್ಲ. ಅದು ಚಿಕಿತ್ಸೆಯ ಮೊದಲ ಸಾಧನ. ಹೊಟ್ಟೆ ಉರಿ, ಹೊಟ್ಟೆ ಹಿಂಡುವುದು, ಹೊಟ್ಟೆ ತೊಳಸುವುದು, ಇವು ಮೂರು ಬೇರೆ ಬೇರೆ ಸಂಕಟಗಳೆಂದು ಕನ್ನಡ ಬಲ್ಲ ಡಾಕ್ಟರಿಗೆ ಯಾರೂ ವಿವರಿಸಬೇಕಾಗಿಲ್ಲ.

ಈ ವಿಷಯದಲ್ಲಿ ಸರಿಯಾದ ದಾರಿ ನಮ್ಮ ಊರಿನಲ್ಲೇ ಇದೆ. ಮನಸ್ಸಿನ ಸಂಕಟಕ್ಕಾಗಿ ಟೆಲಿ-ಮಾನಸ್ ಎಂಬ ಸಹಾಯವಾಣಿ 2022ರ ಅಕ್ಟೋಬರ್ 10ರಂದು ಆರಂಭವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. 14416 ಎಂಬ ನಂಬರಿಗೆ ಯಾವ ಹಳೆಯ ಬಟನ್ ಫೋನಿನಿಂದಲಾದರೂ ಕರೆ ಮಾಡಬಹುದು, ಕನ್ನಡದಲ್ಲಿ ಮಾತಾಡಬಹುದು, ಹಣ ಬೇಡ. ಆ್ಯಪು ಇಳಿಸಿಕೊಳ್ಳಲೇಬೇಕೆಂಬ ಕಟ್ಟಿಲ್ಲ. ಇಲ್ಲಿ ಚಿಕಿತ್ಸೆಯ ಬಹುಭಾಗ ಮಾತೇ ಆದುದರಿಂದ ತಂತಿ ತನ್ನ ಕೆಲಸವನ್ನು ಚೆನ್ನಾಗಿ ಮಾಡುತ್ತದೆ. ಮಾತು ಸಾಲದವರನ್ನು ಹತ್ತಿರದ ಆಸ್ಪತ್ರೆಗೆ ಕಳಿಸಬೇಕಾಗುತ್ತದೆ, ನಿಜ. ಆದರೆ ಯಾವ ಕೆಲಸ ತಂತಿಗೆ ಸಲ್ಲುತ್ತದೆ, ಯಾವುದು ಸಲ್ಲುವುದಿಲ್ಲ ಎಂಬ ವಿವೇಕ ಈ ವ್ಯವಸ್ಥೆಯಲ್ಲಿ ಕಾಣುತ್ತದೆ. ಮೆಚ್ಚತಕ್ಕದ್ದನ್ನು ಮೆಚ್ಚದಿದ್ದರೆ ಟೀಕೆಗೆ ಬೆಲೆಯಿಲ್ಲ.

ವಿವೇಕವಿಲ್ಲದ ಕಡೆ ಏನಾಗುತ್ತದೆಂಬುದನ್ನು ಆಸ್ಪತ್ರೆಯೊಂದರ ಚೀಟಿ ಬರೆಸುವ ಕಿಟಕಿಯ ಬಳಿ ನಾನೇ ಕಂಡಿದ್ದೇನೆ. ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಕಾಲು ಬಾತುಕೊಂಡು ಬಂದಿದ್ದರು. ಕಿಟಕಿಯೊಳಗಿನ ಹುಡುಗ, "ಅಜ್ಜಿ, ಮೊಬೈಲಿಗೆ ಒಂದು ನಂಬರು ಬಂದಿರ್ತದೆ, ಹೇಳಿ" ಎಂದ. ನಂಬರು ಬಂದದ್ದು ಬೆಂಗಳೂರಿನಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಮಗಳ ಫೋನಿಗೆ. ಕೆಲಸದ ಹೊತ್ತಿನಲ್ಲಿ ಆಕೆ ಫೋನು ಮುಟ್ಟುವಂತಿಲ್ಲ. ಅಜ್ಜಿ ಹುಡುಗನನ್ನು ನೋಡಿ, "ಅಲ್ಲ ಕಣಪ್ಪ, ನೋಯೋದು ನನ್ನ ಕಾಲು, ನಂಬರು ಯಾಕೆ ಅವಳಿಗೆ ಹೋಯ್ತು?" ಎಂದು ಕೇಳಿದರು. ಸಾಲಿನಲ್ಲಿದ್ದವರು ನಕ್ಕರು. ನನಗೆ ನಗು ಬರಲಿಲ್ಲ. ಇಡೀ ವ್ಯವಸ್ಥೆಗೆ ಇದಕ್ಕಿಂತ ಸರಿಯಾದ ಪ್ರಶ್ನೆಯನ್ನು ಯಾವ ತಜ್ಞನೂ ಕೇಳಿರಲಾರ. ಹುಡುಗ ಒಳ್ಳೆಯವನು. ಅರ್ಧ ಗಂಟೆಯ ಮೇಲೆ, ಯಾರ ಅಪ್ಪಣೆಯನ್ನೂ ಕಾಯದೆ, ಒಂದು ಕಾಗದದ ಚೀಟಿಯಲ್ಲಿ ಹೆಸರು ಬರೆದು ಒಳಗೆ ಕಳಿಸಿದ. ಆ ಚೀಟಿಗೆ ನಿಯಮದಲ್ಲಿ ಜಾಗವಿರಬೇಕು ಎಂಬುದಷ್ಟೇ ನನ್ನ ವಾದ. ಬಡವರ ಚಿಕಿತ್ಸೆ ಗುಮಾಸ್ತನ ಒಳ್ಳೆಯತನದ ಮೇಲೆ ನಿಲ್ಲಬಾರದು.

ಈಚೆಯ ತುದಿಯಲ್ಲಿ ನಿಜವಾಗಿ ನಿಂತಿರುವವರು ಯಾರು? ಆಶಾ ಕಾರ್ಯಕರ್ತೆಯರು. 2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದೊಡನೆ ಬಂದವರು. ಸುಮಾರು ಸಾವಿರ ಜನಕ್ಕೊಬ್ಬರಂತೆ. ನಮ್ಮ ರಾಜ್ಯದಲ್ಲಿ ಸುಮಾರು 42 ಸಾವಿರ ಮಂದಿ. ಬಸುರಿಯರ ಮನೆಗೆ ಹೋಗುವವರು ಇವರು, ತಾಯಿ ಕಾರ್ಡು ತುಂಬಿಸುವವರು ಇವರು, ನಡುರಾತ್ರಿ 108ಕ್ಕೆ ಫೋನು ಮಾಡಿ ಆಂಬುಲೆನ್ಸಿನಲ್ಲಿ ಜೊತೆಗೆ ಕೂರುವವರು ಇವರು. ಮಾಹಿತಿ ತಂತ್ರಜ್ಞಾನ ಬಂದ ಮೇಲೆ ಇವರ ಕೆಲಸ ಹಗುರವಾಗಬೇಕಾಗಿತ್ತು. ಆದದ್ದೇನು? ಡೈರಿಯಲ್ಲಿ ಒಮ್ಮೆ, ರಿಜಿಸ್ಟರಿನಲ್ಲಿ ಒಮ್ಮೆ, ಮೊಬೈಲಿನಲ್ಲಿ ಇನ್ನೊಮ್ಮೆ ಬರೆಯುವ ಹೊರೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದು. ತಾಯಿ-ಮಗುವಿನ ಆರೋಗ್ಯದ ಪೋರ್ಟಲ್ಲಿನಲ್ಲಿ ದಾಖಲಾದ ಕೆಲಸಕ್ಕೇ ಪ್ರೋತ್ಸಾಹಧನ ಎಂದು ಗಂಟುಹಾಕಿದರು. ದಾಖಲೆ ಮಾಡುವವರು ಬೇರೆಯವರು, ಕೆಲಸ ಮಾಡಿದವಳು ಇವಳು. ಅಲ್ಲಿ ಬರೆಯುವುದು ತಪ್ಪಿದರೆ, ನೆಟ್‌ವರ್ಕ್ ಕೈಕೊಟ್ಟರೆ, ಇಲ್ಲಿ ಇವಳ ಕೂಲಿ ಹೋಯಿತು. ಪೋರ್ಟಲ್ಲಿಗೂ ನಮ್ಮ ಹಣಕ್ಕೂ ಹಾಕಿದ ಗಂಟನ್ನು ಬಿಚ್ಚಿ ಎಂಬುದು ಅವರು ವರ್ಷಗಳಿಂದ ಇಡುತ್ತಿರುವ ಬೇಡಿಕೆಗಳಲ್ಲಿ ಒಂದು. 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಅವರು ಹಗಲಿರುಳು ಧರಣಿ ಕುಳಿತು ತಿಂಗಳಿಗೆ 15 ಸಾವಿರ ರೂಪಾಯಿ ಗೌರವಧನ ಕೇಳಿದರು. ರಾಜ್ಯದ ಆರೋಗ್ಯವನ್ನು ಕಂಪ್ಯೂಟರಿಗೆ ಉಣಿಸುವವಳ ಹೊಟ್ಟೆಗೆ ಇನ್ನೂ ಹೋರಾಟ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆ ನಮ್ಮ ಹಿರಿಯರು ಸುಮ್ಮನೆ ಮಾಡಿದ್ದಲ್ಲ.

ಅಂಕಿಅಂಶಗಳಿಲ್ಲದೆ ಯೋಜನೆ ಮಾಡುವುದು ಹೇಗೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಉತ್ತರವನ್ನು 1854ರ ಲಂಡನ್ನಿನಿಂದ ಕೊಡುತ್ತೇನೆ. ಆ ವರ್ಷ ಸೋಹೋ ಎಂಬಲ್ಲಿ ಕಾಲರಾ ಎದ್ದಾಗ ಜಾನ್ ಸ್ನೋ ಎಂಬ ವೈದ್ಯ ಸತ್ತವರ ಪಟ್ಟಿ ಹಿಡಿದು ಮನೆಮನೆಗೆ ನಡೆದು, ಯಾರು ಯಾವ ನೀರು ಕುಡಿದರೆಂದು ವಿಚಾರಿಸಿದ. ಸಾವುಗಳು ಬ್ರಾಡ್ ಸ್ಟ್ರೀಟಿನ ಒಂದು ಪಂಪಿನ ಸುತ್ತ ಗುಂಪುಗೂಡಿದ್ದುದು ಕಂಡಿತು. ಅವನು ಹೋಗಿ ಊರಿನ ಆಡಳಿತದವರಿಗೆ ಹೇಳಿದ. ಸೆಪ್ಟೆಂಬರ್ 8ರಂದು ಆ ಪಂಪಿನ ಹಿಡಿಕೆಯನ್ನು ಕಳಚಿದರು. ಅಂಕಿಅಂಶವೆಂದರೆ ಇದು. ಮನೆಯ ಬಾಗಿಲಿನಿಂದ ಹೊರಟು ಪಂಪಿನ ಹಿಡಿಕೆಯವರೆಗೆ ಹೋದ ಅಂಕಿ. ನಮ್ಮ ಅಂಕಿಗಳೂ ಮನೆಯ ಬಾಗಿಲಿನಿಂದಲೇ ಹೊರಡುತ್ತವೆ. ಪೋರ್ಟಲ್ಲಿಗೆ ಹೋಗುತ್ತವೆ, ರಾಜಧಾನಿಯ ಗೋಡೆಯ ಪರದೆಯ ಮೇಲೆ ಬಣ್ಣಬಣ್ಣದ ಕಂಬಗಳಾಗಿ ನಿಲ್ಲುತ್ತವೆ. ಅಲ್ಲಿಂದ ಹಳ್ಳಿಗೆ ಹಿಂತಿರುಗಿ ಬಂದು ಯಾವ ಹಿಡಿಕೆಯನ್ನು ಕಳಚಿದುವು? ಒಂದು ಊರಿನ ಬಸುರಿಯರಲ್ಲಿ ರಕ್ತಹೀನತೆ ಹೆಚ್ಚೆಂದು ಪರದೆ ತೋರಿಸಿದರೆ ಮರುವಾರ ಆ ಊರಿನ ಉಪಕೇಂದ್ರಕ್ಕೆ ಕಬ್ಬಿಣಾಂಶದ ಗುಳಿಗೆ ಹೆಚ್ಚಾಗಿ ಬರಬೇಕು. ಹಾಗೆ ಬಂದರೆ ಆಶಾ ಕಾರ್ಯಕರ್ತೆ ಮೂರು ಸಲವಲ್ಲ, ನಾಲ್ಕು ಸಲ ಬರೆಯಲು ಒಪ್ಪಿಯಾಳು. ತಾನು ಬರೆದದ್ದು ಎಲ್ಲಿಗೆ ಹೋಗುತ್ತದೆಂದೇ ಅವಳಿಗೆ ತಿಳಿಯದಿದ್ದರೆ ಆ ಬರವಣಿಗೆ ಬಿಟ್ಟಿಚಾಕರಿ.

ಇನ್ನು ದಾಖಲೆಗಳ ಗುಟ್ಟಿನ ಪ್ರಶ್ನೆ. 2021ರ ಸೆಪ್ಟೆಂಬರ್ 27ರಂದು ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ನಿನಲ್ಲಿ ಪ್ರತಿಯೊಬ್ಬನಿಗೂ 14 ಅಂಕಿಗಳ ಒಂದು ಆರೋಗ್ಯ ಸಂಖ್ಯೆ. ಕಡ್ಡಾಯವಲ್ಲ ಎಂದು ಕಾಗದದಲ್ಲಿದೆ. ಒಬ್ಬನ ಎಲ್ಲ ದಾಖಲೆಗಳೂ ಒಂದೆಡೆ ಸಿಗುವುದರಲ್ಲಿ ಅನುಕೂಲ ಉಂಟೆಂಬುದನ್ನು, ಹಳೆಯ ಚೀಟಿಗಳ ಪ್ಲಾಸ್ಟಿಕ್ ಚೀಲ ಹಿಡಿದು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದ ಯಾರೂ ಅಲ್ಲಗಳೆಯರು. ಆದರೆ ಕ್ಷಯ, ಎಚ್‌ಐವಿ, ಮನಸ್ಸಿನ ಕಾಯಿಲೆ, ಗರ್ಭಪಾತ, ಇವುಗಳಲ್ಲಿ ಒಂದೇ ಒಂದು ಮಾತು ಊರಿಗೆ ಬಿದ್ದರೆ ಮದುವೆ ಮುರಿಯುತ್ತದೆ, ಕೆಲಸ ಹೋಗುತ್ತದೆ. ಗೋಪ್ಯತೆ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ 2017ರ ಆಗಸ್ಟ್ 24ರಂದು ತೀರ್ಪಿತ್ತಿತು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು ಎಂಬುದು ನಾವು ನೆನೆಯತಕ್ಕ ಸಂಗತಿ. ಹಕ್ಕು ಬಂತು, ಕಾಯಿದೆಯೂ 2023ರಲ್ಲಿ ಬಂತು. ಆದರೆ ಒಪ್ಪಿಗೆಯೆಂಬುದು ಚೀಟಿಯ ಕಿಟಕಿಯ ಬಳಿ, ಹಿಂದೆ ನೂರು ಜನ ನೂಕುತ್ತಿರುವಾಗ, ಓದಲಾಗದ ಇಂಗ್ಲಿಷ್ ಪುಟದ ಕೆಳಗೆ ಬೆರಳೊತ್ತುವುದಾದರೆ ಅದು ಒಪ್ಪಿಗೆಯೆ?

ದಾಖಲೆ ಕಳುವಾಗುವುದಷ್ಟೇ ಅಲ್ಲ, ಕಣ್ಮರೆಯೂ ಆಗಬಹುದು. 2022ರ ನವೆಂಬರ್ 23ರಂದು ದಿಲ್ಲಿಯ ಏಮ್ಸ್ ಆಸ್ಪತ್ರೆಯ ಕಂಪ್ಯೂಟರುಗಳ ಮೇಲೆ ದಾಳಿ ನಡೆದು ಅವು ಸ್ತಬ್ಧವಾದುವು. ದೇಶದ ಅತಿ ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲೊಂದು ಸುಮಾರು ಎರಡು ವಾರ ಕಾಗದ-ಲೇಖನಿ ಹಿಡಿದು ನಡೆಯಬೇಕಾಯಿತು. ನಡೆಯಿತು, ಏಕೆಂದರೆ ಕಾಗದದಲ್ಲಿ ಬರೆಯಬಲ್ಲವರು ಅಲ್ಲಿ ಇನ್ನೂ ಇದ್ದರು. ನಮ್ಮ ತಾಯಿ ಕಾರ್ಡನ್ನು ಹಳೆಯದೆಂದು ಮೂಗು ಮುರಿಯುವವರು ಇದನ್ನು ಯೋಚಿಸಲಿ. ಆ ಕಾರ್ಡು ಬಸುರಿಯ ಕೈಯಲ್ಲಿರುತ್ತದೆ. ತವರಿಗೆ ಹೋದರೆ ಅವಳೊಡನೆ ಹೋಗುತ್ತದೆ. ಕರೆಂಟಿಲ್ಲದಾಗಲೂ ಓದಬಹುದು. ರಾತ್ರಿ ಎರಡು ಗಂಟೆಗೆ ಗುರುತಿಲ್ಲದ ಆಸ್ಪತ್ರೆಯ ನರ್ಸಮ್ಮ ಅದನ್ನು ಬಿಡಿಸಿ ನೋಡಿ, ಈಕೆಗೆ ರಕ್ತದ ಒತ್ತಡ ಹೆಚ್ಚಿದೆ ಎಂದು ಒಂದು ನಿಮಿಷದಲ್ಲಿ ತಿಳಿಯುತ್ತಾಳೆ. ಪೋರ್ಟಲ್ಲು ಅದಕ್ಕೆ ನಕಲಾಗಿರಲಿ, ಬದಲಾಗದಿರಲಿ.

ಡಾಕ್ಟರೇ ಹಳ್ಳಿಗೆ ಬರುವುದಿಲ್ಲವಲ್ಲ, ಏನು ಮಾಡೋಣ ಎಂಬ ಮೊದಲಿನ ಮಾತು ಉಳಿಯಿತು. ಅದು ಪೂರ್ಣವಾಗಿ ನಿಜವೆ? ವೈದ್ಯ ಪದವಿ ಮುಗಿಸಿದವರು ಒಂದು ವರ್ಷ ಗ್ರಾಮಸೇವೆ ಮಾಡತಕ್ಕದ್ದೆಂದು ನಮ್ಮ ರಾಜ್ಯ 2012ರಲ್ಲಿ ಕಾಯಿದೆ ಮಾಡಿತ್ತು. 2023ರಲ್ಲಿ ಅದನ್ನು ಸಡಿಲಿಸಿದರು. ಕಾರಣವೇನೆಂದರೆ, ಪದವಿ ಪಡೆದು ಬರುವವರಷ್ಟು ಖಾಲಿ ಹುದ್ದೆಗಳೇ ಇಲ್ಲವಂತೆ! ಅಂದರೆ ಒಂದು ಕಡೆ ಡಾಕ್ಟರು ಬರುವುದಿಲ್ಲವೆಂದು ಅಳು. ಇನ್ನೊಂದು ಕಡೆ ಬಂದವರಿಗೆ ಕುರ್ಚಿಯಿಲ್ಲವೆಂಬ ಕೈಚೆಲ್ಲು. ತಜ್ಞ ವೈದ್ಯರ ಕೊರತೆ ಬೇರೆ ಮಾತು. ಅವರ ಕೊರತೆಯಿದೆ, ಅಲ್ಲಿ ತಂತಿಯ ಸಹಾಯ ಬೇಕೇ ಬೇಕು. ಆದರೆ ಸಾಮಾನ್ಯ ಡಾಕ್ಟರ ಹುದ್ದೆ ಹೆಚ್ಚಿಸದೆ, ದಾದಿಯರನ್ನು ನೇಮಿಸದೆ, ಆ ಖಾಲಿ ಜಾಗಕ್ಕೆ ಒಂದು ಪರದೆ ತೂಗುಹಾಕಿ ಕೈತೊಳೆದುಕೊಳ್ಳುವುದು ಸುಧಾರಣೆಯಲ್ಲ; ಅದು ಉಳಿತಾಯ. ಉಳಿತಾಯವೆಂದು ಬಾಯಿಬಿಟ್ಟು ಹೇಳಿದ್ದರೆ ನಾವು ವಾದಿಸಬಹುದಾಗಿತ್ತು. ಅದಕ್ಕೆ ಕ್ರಾಂತಿಯೆಂಬ ಹೆಸರಿಟ್ಟಿರುವುದೇ ಮೋಸ.

ನಾನು ಕೇಳುವುದು ಬಹಳವಲ್ಲ. ಯಾವ ಹಳ್ಳಿಯಲ್ಲಿ ದೂರವೈದ್ಯದ ಪರದೆ ಇಡುತ್ತೀರೋ ಅಲ್ಲಿ ಅದನ್ನು ನಡೆಸುವ ಒಬ್ಬ ತರಬೇತಾದ ಮನುಷ್ಯನನ್ನು ಸಂಬಳ ಕೊಟ್ಟು ಇಡಿ. ಪರದೆಯ ಮೇಲೆ ಬರೆದುಕೊಡುವ ಸಾಮಾನ್ಯ ಔಷಧಗಳನ್ನು ಅದೇ ಕೋಣೆಯ ಕಪಾಟಿನಲ್ಲಿ ಇಡಿ. ಪರದೆಯೂ ಅದರೊಳಗಿನ ಡಾಕ್ಟರೂ ಕನ್ನಡ ಬಲ್ಲವರಾಗಿರಲಿ. ಬೀದರಿನ ಕನ್ನಡವೂ ಕುಂದಾಪುರದ ಕನ್ನಡವೂ ಒಂದೇ ಅಲ್ಲವೆಂಬುದು ಅವರಿಗೆ ತಿಳಿದಿರಲಿ. ಫೋನಿಲ್ಲದವನಿಗೆ, ಸಿಗ್ನಲ್ಲಿಲ್ಲದ ಊರಿನವನಿಗೆ ಕಾಗದದ ಚೀಟಿ ಹಕ್ಕಾಗಿ ಸಿಗಲಿ. ಆಶಾ ಕಾರ್ಯಕರ್ತೆ ಒಂದು ಸಂಗತಿಯನ್ನು ಒಂದೇ ಸಲ ಬರೆಯಲಿ, ಅವಳ ಹಣ ಪೋರ್ಟಲ್ಲಿನ ಬಾಗಿಲಲ್ಲಿ ಕಾಯದಿರಲಿ. ಇಷ್ಟಕ್ಕೆ ಹೊಸ ಶೋಧನೆ ಏನೂ ಬೇಕಾಗಿಲ್ಲ. ಹಣ ಬೇಕು, ಮತ್ತು ಉದ್ಘಾಟನೆಯಾದ ಮರುದಿನವೂ ಅಲ್ಲಿಗೆ ಹೋಗಿ ನೋಡುವ ಅಭ್ಯಾಸ ಬೇಕು.

ಮುಂದೆ ಯಾರಾದರೂ ವೇದಿಕೆಯ ಮೇಲೆ ನಿಂತು ಆರೋಗ್ಯದ ಹೊಸ ಆ್ಯಪೊಂದನ್ನು ಬಿಡುಗಡೆ ಮಾಡಿದಾಗ ಓದುಗರು ಚಪ್ಪಾಳೆ ತಟ್ಟಲು ಅವಸರಪಡಬಾರದು. ಎದ್ದುನಿಂತು ಒಂದೇ ಪ್ರಶ್ನೆ ಕೇಳಬೇಕು: ಆಚೆಯ ತುದಿಯಲ್ಲಿ ದೊಡ್ಡ ಡಾಕ್ಟರಿದ್ದಾರೆ, ಸಂತೋಷ, ಈಚೆಯ ತುದಿಯಲ್ಲಿ ಏನಿಟ್ಟಿದ್ದೀರಿ? ಮನುಷ್ಯನ ಹೆಸರು ಹೇಳಲಿ, ಔಷಧದ ಪಟ್ಟಿ ತೋರಿಸಲಿ. ತೋರಿಸಿದರೆ ನಾನೂ ನಿಮ್ಮೊಡನೆ ಚಪ್ಪಾಳೆ ತಟ್ಟುತ್ತೇನೆ.